ಡ್ರಾಯಿಂಗ್ ಮಿಸ್ಸಿನ ಬೆಕ್ಕು

ಲೆಕ್ಕದ ಮೇಷ್ಟರಿಗೆ ಏಳೆಂಟ್ಲ ಎಷ್ಟು ಅಂತ ಹೇಳಿಕೊಡಲು ಯಾರೂ ಶಾಲೆಗೆ ಬರುವುದಿಲ್ಲ. ಆದರೆ ಬೆಕ್ಕಿಗೆ ಮೀಸೆ ಎಲ್ಲಿ ಬರುತ್ತದೆ ಅಂತ ನನಗೆ ಹೇಳಿಕೊಡಲು ಇಡೀ ಹೋಬಳಿ ಬರುತ್ತದೆ, ಹಾಗಾಗಿ ನನಗೆ ಇಂಥ ಪ್ರಸಂಗಗಳಿಗೆ ಯಾವತ್ತೂ ಬರವಿಲ್ಲ.

ಸಕಲೇಶಪುರದಿಂದ ಯಸಳೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಖಾಸಗಿ ಶಾಲೆ. ಅಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಡ್ರಾಯಿಂಗ್ ಟೀಚರ್. ನಮ್ಮಜ್ಜ ಮಂಗಳೂರಿನಿಂದ ಘಟ್ಟ ಹತ್ತಿ ಎಸ್ಟೇಟ್ ಕೆಲಸಕ್ಕೆ ಬಂದವರು. ನಾವೆಲ್ಲ ಇಲ್ಲೇ ಹುಟ್ಟಿದವರು. ಮನೆಯಲ್ಲಿ ಕೊಂಕಣಿ, ಭಾನುವಾರ ಚರ್ಚು, ಉಳಿದಂತೆ ಊರಿನವರ ಹಾಗೇ. ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ನಾನು 'ಮಿಸ್'. ಶಾಲೆಯ ಕಾರ್ಯದರ್ಶಿಗಳಿಗೆ ಮಾತ್ರ 'ಟೀಚರ್'.

ಈ ಕಾರ್ಯದರ್ಶಿಗಳಿಗೆ ಒಂದು ಕಾಫಿ ಎಸ್ಟೇಟ್ ಇದೆ, ಒಂದು ಹೋಂಸ್ಟೇ ಇದೆ, ಮತ್ತು ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯ ಇದೆ. ಹೋದ ವರ್ಷ ಶಾಲೆ ಶುರುವಾದ ವಾರವೇ ನನ್ನನ್ನು ಆಫೀಸಿಗೆ ಕರೆಸಿದರು.

"ಟೀಚರ್, ಮುಂದಿನ ವರ್ಷದಿಂದ ಡ್ರಾಯಿಂಗ್ ಪೀರಿಯಡ್ ತೆಗೆದು ಅಬಾಕಸ್ ಹಾಕೋಣ ಅಂತ ಕಮಿಟೀಲಿ ಮಾತಾಗಿದೆ. ಹಾಸನದಲ್ಲಿ ಎಲ್ಲಾ ಕಡೆ ಅದೇ ನಡೀತಿರೋದು."

"ಅಬಾಕಸ್ ಅಂದ್ರೇನು ಸಾರ್?" ಅಂದೆ. ನನಗೆ ಗೊತ್ತಿತ್ತು. ಅವರಿಗೆ ಗೊತ್ತಿದೆಯೇ ಅಂತ ನೋಡಬೇಕಿತ್ತು.

"ಮಣಿ ಕಣ್ರೀ. ಮಣಿ ಆಕಡೆ ಈಕಡೆ ತಳ್ಳೋದು. ಬ್ರೈನ್ ಬೆಳೆಯುತ್ತೆ."

ನಮ್ಮಮ್ಮ ಅರವತ್ತು ವರ್ಷದಿಂದ ದಿನಾ ಸಂಜೆ ಜಪಸರದ ಮಣಿ ತಳ್ಳುತ್ತಿದ್ದಾರೆ, ಕನ್ನಡಕ ಎಲ್ಲಿಟ್ಟೆ ಅಂತ ಈಗಲೂ ನನ್ನನ್ನೇ ಕೇಳುತ್ತಾರೆ. ಇದು ಬಾಯಿಗೆ ಬಂತು, ನುಂಗಿಕೊಂಡೆ. ಆ ಪೀರಿಯಡ್ ಹೋದರೆ ನನ್ನ ಕೆಲಸ ಹೋಗುತ್ತದೆ, ಅದು ಒಂದು. ವಾರಪೂರ್ತಿ ಬೈಸಿಕೊಂಡು ಕುಗ್ಗಿ ಕೂರುವ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುವುದು ಆ ಮುಕ್ಕಾಲು ಗಂಟೆ ಮಾತ್ರ, ಅದು ಇನ್ನೊಂದು. ಎರಡನ್ನೂ ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

"ಮಾರ್ಚಲ್ಲಿ ಕಮಿಟಿ ಮೀಟಿಂಗ್ ಇದೆ," ಅಂದರು ಕಾರ್ಯದರ್ಶಿಗಳು. "ಅಷ್ಟರೊಳಗೆ ಡ್ರಾಯಿಂಗಿಂದ ಏನು ಉಪಯೋಗ ಅಂತ ಕಣ್ಣಿಗೆ ಕಾಣೋ ಹಾಗೆ ಏನಾದ್ರೂ ಮಾಡಿ ತೋರ್ಸಿ."

ಕಣ್ಣಿಗೆ ಕಾಣಬೇಕಾದರೆ ಶಾಲೆಯ ಒಂದೊಂದು ಮಗುವೂ ಮಾಡುವಂಥದ್ದೇ ಆಗಬೇಕು. ನಾನು ಆರಿಸಿಕೊಂಡದ್ದು ಕಾರ್ಟೂನ್ ಬೆಕ್ಕು. ಅದಕ್ಕಿಂತ ಸುಲಭದ ಚಿತ್ರ ಇಲ್ಲ ಅಂತ ನಾನು ನಂಬಿದ್ದೆ. ಮಕ್ಕಳ ಮಟ್ಟಿಗೆ ಅದು ನಿಜವೂ ಆಗಿತ್ತು.

೧. ಕ್ಯೂರಿಂಗ್

ಕಾರ್ಟೂನ್ ಬೆಕ್ಕಿಗೆ ಐದು ಹೆಜ್ಜೆ. ಮೊದಲು ತಲೆಗೆ ಒಂದು ದೊಡ್ಡ ಸೊನ್ನೆ. ಅದರ ಕೆಳಗೆ ಮೈಗೆ ಒಂದು ಸೀಬೆಹಣ್ಣು. ತಲೆ ಮೇಲೆ ಕಿವಿಗೆ ಎರಡು ತ್ರಿಕೋನ. ಮುಖದ ನಡುವೆ ಪುಟ್ಟ ಮೂಗು, ಅದರ ಕೆಳಗೆ ನಗುವ ಬಾಯಿ, ಎರಡೂ ಕಡೆ ಮೂರು ಮೂರು ಮೀಸೆ, ಪಂಜಕ್ಕೆ ಮೂರು ಮೂರು ಉಬ್ಬು, ಹಿಂದೆ ಮೇಲಕ್ಕೆದ್ದ ಬಾಲ. ಕೊನೆಗೆ ಕಣ್ಣು. ಕಣ್ಣು ಯಾವಾಗಲೂ ಕೊನೆಗೆ, ಯಾಕೆಂದರೆ ಕಣ್ಣು ಬಂದ ಕೂಡಲೇ ಮಕ್ಕಳು ಚಿತ್ರ ಮುಗಿಯಿತು ಅಂತ ಎದ್ದುಬಿಡುತ್ತಾರೆ.

ಮೂರನೇ ಕ್ಲಾಸಿನವರು ಇಪ್ಪತ್ತು ನಿಮಿಷದಲ್ಲಿ ಕಲಿತರು. ಒಂದು ಬೆಕ್ಕು ದಪ್ಪ, ಒಂದು ಸಣ್ಣ, ಒಂದಕ್ಕೆ ಕಿವಿ ಕೊಂಬಿನಷ್ಟು ಉದ್ದ. ಎಲ್ಲವೂ ಚೆನ್ನಾಗಿದ್ದವು. ನಾನು ಮಾಡಿದ ಒಂದೇ ತಪ್ಪೆಂದರೆ ಇನ್ನೊಂದು ಬೆಕ್ಕನ್ನು ಮನೆಯಲ್ಲಿ ಬಿಡಿಸಿಕೊಂಡು ಬನ್ನಿ ಅಂದದ್ದು.

ಮರುದಿನ ಬಂದ ಬೆಕ್ಕುಗಳನ್ನು ನೋಡಿದರೆ ಒಂದೂ ಮಕ್ಕಳದ್ದಲ್ಲ. ಸುಮಾರು ಬೆಕ್ಕುಗಳಿಗೆ ಕೂದಲು ಕೂದಲಾಗಿ ಶೇಡಿಂಗ್ ಮಾಡಲಾಗಿತ್ತು. ಎರಡು ಬೆಕ್ಕುಗಳನ್ನು ಹುಲಿಯ ಚಿತ್ರದ ಕೆಳಗೆ ಕಾರ್ಬನ್ ಇಟ್ಟು ತೆಗೆದಿದ್ದರು, ಪಟ್ಟೆ ಮಾತ್ರ ಅಳಿಸಿದ್ದರು. ಇವುಗಳ ನಡುವೆ ಒಂದು ಗ್ರಾಫ್ ಹಾಳೆ ಸಿಕ್ಕಿತು. ಅದನ್ನು ತಂದ ಹುಡುಗಿಯ ಅಪ್ಪ ಹೋಂಸ್ಟೇ ಕಟ್ಟಿಸಿಕೊಡುವ ಕಂಟ್ರಾಕ್ಟರು. ಬೆಕ್ಕಿನ ಮುಂಭಾಗದ ನೋಟ ಒಂದು ಕಡೆ, ಪಕ್ಕದ ನೋಟ ಇನ್ನೊಂದು ಕಡೆ. ಕಿವಿಯ ಎತ್ತರಕ್ಕೆ ಬಾಣದ ಗುರುತು ಹಾಕಿ ಅಳತೆ ಬರೆದಿದ್ದರು. ಬಾಲದ ಕೆಳಗೆ ಒಂದು ಕಂಬ ಇತ್ತು.

"ಇದೇನಮ್ಮ ಕಂಬ?"

"ಬಾಲ ಅಷ್ಟು ಹೊರಕ್ಕೆ ಬಂದ್ರೆ ಸಪೋರ್ಟ್ ಬೇಕಂತೆ ಮಿಸ್. ಅಪ್ಪ ಹೇಳುದ್ರು."

"ಸರಿ. ಮೀಸೆ ಯಾಕಿಲ್ಲ?"

"ಇವತ್ತು ಮುಖ ಆಗೈತೆ ಮಿಸ್. ಎರಡು ದಿನ ನೀರು ಹಾಕಿ ಕ್ಯೂರಿಂಗ್ ಆಗ್ಲಿ, ಆಮೇಲೆ ಮೀಸೆ ಹಾಕ್ಕೊಡ್ತೀನಿ ಅಂದ್ರು."

೨. ಸಾಕ್ಷಿ

ಮೂರು ಉಬ್ಬಿನ ಪಂಜದ ವಿಷಯ ಇನ್ನೊಂದು ಮನೆಯಲ್ಲಿ ರಾದ್ಧಾಂತ ಮಾಡಿತು. ಮೂರನೇ ಕ್ಲಾಸಿನ ಹುಡುಗನೊಬ್ಬನ ತಾಯಿ, ಮೆಣಸಿನ ಬಳ್ಳಿಯ ಕೆಲಸ ಬಿಟ್ಟು, ಹತ್ತು ಗಂಟೆಗೆ ಶಾಲೆಗೆ ಬಂದರು. ಕೈಯಲ್ಲಿ ಕಾಫಿ ತುಂಬುವ ಗೋಣಿಚೀಲ. ಚೀಲದ ಬಾಯಿ ಕಟ್ಟಿತ್ತು. ಚೀಲ ಅಲ್ಲಾಡುತ್ತಿತ್ತು.

"ಮಿಸ್, ಬೆಕ್ಕಿಗೆ ಮೂರೇ ಬೆರಳು ಅಂತ ಹೇಳ್ಕೊಟ್ರಂತೆ ನಮ್ ಹುಡುಗನ್ಗೆ?"

"ಕಾರ್ಟೂನಲ್ಲಿ ಹಾಗಮ್ಮ. ಬೇಡದ್ದನ್ನೆಲ್ಲ ಬಿಟ್ಟು ಬಿಡಿಸೋದಕ್ಕೇ ಕಾರ್ಟೂನ್ ಅನ್ನೋದು."

"ಬೆರಳು ಬ್ಯಾಡ್ದಿರೋದಾ? ಮುಂದ್ಗಾಲಲ್ಲಿ ಐದೈದು ಐತೆ ಕಣ್ರೀ. ತಪ್ಪು ಹೇಳ್ಕೊಟ್ರೆ ನಾಳೆ ಪರೀಕ್ಷೇಲಿ ಏನ್ ಬರೀತಾನೆ ಅವನು? ಎಣ್ಸ್ಕಳಿ ಅಂತ ತಂದೀನಿ."

ನನ್ನ ದುರದೃಷ್ಟಕ್ಕೆ ಅವತ್ತು ಕಾರ್ಯದರ್ಶಿಗಳು ನಲ್ಲಿ ರಿಪೇರಿ ನೋಡಲು ಶಾಲೆಗೆ ಬಂದಿದ್ದರು. ಜಗಳದ ವಾಸನೆ ಬಂದರೆ ಅವರು ನಲ್ಲಿಯ ಹತ್ತಿರ ನಿಲ್ಲುವವರಲ್ಲ. ಚೀಲದಲ್ಲಿ ಇಟ್ಟುಕೊಂಡೇ ಮಾತಾಡೋಣ ಅಂತ ನಾನು ಹೇಳುವಷ್ಟರಲ್ಲಿ, "ಬಿಚ್ಚಿ ಬಿಚ್ಚಿ, ಬೆಕ್ಕಿಗೇನು ಹೆದರೋದು, ನಾವು ದಿನಾ ಆನೆ ಕಾಟ ತಡ್ಕೊಂಡಿರೋರು" ಅಂತ ತಾವೇ ಹಗ್ಗ ಬಿಚ್ಚಿದರು.

ಬೆಕ್ಕು ಹೊರಗೆ ಬಂದದ್ದನ್ನು ನಾನು ನೋಡಲಿಲ್ಲ, ಕಾರ್ಯದರ್ಶಿಗಳ ತೋಳಿನ ಮೇಲಿಂದ ಹಾದು ಕಿಟಕಿಯಿಂದ ಹೋದದ್ದನ್ನು ಮಾತ್ರ ನೋಡಿದೆ. ಅವರ ಮುಂಗೈ ಮೇಲೆ ಉದ್ದಕ್ಕೆ ಕೆಂಪು ಗೆರೆಗಳು ಮೂಡಿದವು. ನಾನು ಡೆಟಾಲ್ ಹುಡುಕಲು ಎದ್ದೆ. ಆ ತಾಯಿ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬೆಳಕಿಗೆ ತಿರುಗಿಸಿದರು.

"ಈಗ ಎಣ್ಸಿ ಮಿಸ್."

ಎಣಿಸಿದೆ. "ನಾಲ್ಕಿದೆ."

ಅವರು ಮತ್ತೊಮ್ಮೆ ತಾವೇ ಎಣಿಸಿದರು. ನಾಲ್ಕೇ ಇತ್ತು. ಕಾರ್ಯದರ್ಶಿಗಳ ಮುಖ ನೋಡಿದರು.

"ಒಂದು ಬೆರಳು ಸರಿಯಾಗಿ ತಾಗಿಲ್ಲ ಅನ್ಸ್ತೈತೆ. ಹಿಡ್ಕಂಬತ್ತೀನಿ ಇರಿ ಸಾರ್, ಇನ್ನೊಂದ್ಸಲ ಕೈ ಕೊಡಿ."

೩. ಹಸಿರು

ಆಮೇಲೆ ಬಣ್ಣದ ಸರದಿ. ನಾನು ಮಕ್ಕಳಿಗೆ ಯಾವ ಬಣ್ಣ ಬೇಕಾದರೂ ಹಾಕಿ ಅಂದಿದ್ದೆ. ನಾಲ್ಕನೇ ಕ್ಲಾಸಿನಲ್ಲಿ ಹಸಿರು ಬಣ್ಣದ ಕ್ರೆಯಾನ್ ಮಾತ್ರ ಎಲ್ಲರ ಡಬ್ಬಿಯಲ್ಲೂ ಉಳಿದಿತ್ತು, ಹಾಗಾಗಿ ಹಸಿರು ಬೆಕ್ಕುಗಳೇ ಹೆಚ್ಚು ಬಂದವು. ಅವನ್ನು ವರಾಂಡದಲ್ಲಿ ಅಂಟಿಸಿದೆ. ಕೈಗೆ ಪಟ್ಟಿ ಸುತ್ತಿಕೊಂಡಿದ್ದ ಕಾರ್ಯದರ್ಶಿಗಳು ಬಂದು ಒಂದೊಂದನ್ನೇ ನೋಡಿದರು.

"ಹಸಿರು ಬೆಕ್ಕು ಎಲ್ಲಾದ್ರೂ ಇದೆಯೇನ್ರೀ ಟೀಚರ್? ಮಕ್ಕಳಿಗೆ ವಾಸ್ತವ ತಿಳೀಬೇಕು. ಕಮಿಟಿಯವರು ನೋಡಿದ್ರೆ ನನ್ನನ್ನ ಕೇಳ್ತಾರೆ."

ಅವರ ಹೋಂಸ್ಟೇಯ ಬೋರ್ಡು ಮುಖ್ಯರಸ್ತೆಯಲ್ಲೇ ಇದೆ. ಅದರಲ್ಲಿ ಒಂದು ಆನೆ ಆರಾಮ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದೆ, ಕಪ್ಪು ಕನ್ನಡಕ ಹಾಕಿಕೊಂಡಿದೆ, ಸೊಂಡಿಲಲ್ಲಿ ಕಾಫಿ ಲೋಟ ಹಿಡಿದಿದೆ. ಆಲೂರು ಸಕಲೇಶಪುರದ ಜನಕ್ಕೆ ಆನೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಅದೇ ವಾರ ನಿಜವಾದ ಆನೆಗಳು ಬಂದು ಇವರ ತೋಟದ ಒಂದು ಭಾಗವನ್ನೇ ತುಳಿದು ಹೋಗಿದ್ದವು.

"ಸಾರ್, ನಿಮ್ಮ ಬೋರ್ಡಿನ ಆನೆ ಕನ್ನಡಕ ಹಾಕಿದೆಯಲ್ಲ?"

"ಅದು ಕಾರ್ಟೂನ್ ಕಣ್ರೀ."

"ಇದೂ ಕಾರ್ಟೂನೇ."

"ಅಲ್ಲ ಟೀಚರ್, ನಿಮಗೆ ಅರ್ಥ ಆಗ್ತಿಲ್ಲ," ಅಂದರು ಬಹಳ ತಾಳ್ಮೆಯಿಂದ. "ಅದು ಕನ್ನಡಕ ಹಾಕಿದ್ರೂ ಬಣ್ಣ ಬೂದೀನೇ ಇದೆಯಲ್ಲ. ಏನೋ ಹೊರಗೆ ಬಂದಿದೆ, ಬಿಸಿಲಿದೆ, ಹಾಕ್ಕೊಂಡಿದೆ."

೪. ಸ್ಟೆಪ್ನಿ

ಜನವರಿಯಲ್ಲಿ ಕಾರ್ಯದರ್ಶಿಗಳ ಫೋನಿಗೆ ಹೇಳಿದ್ದನ್ನೆಲ್ಲ ಚಿತ್ರ ಮಾಡಿಕೊಡುವ ಯಾವುದೋ ಆ್ಯಪ್ ಬಂತು. ಅವರ ಹೋಂಸ್ಟೇಗೆ ಬಂದ ಯಾರೋ ಹಾಕಿಕೊಟ್ಟು ಹೋಗಿದ್ದರಂತೆ. ಅವತ್ತು ಅಸೆಂಬ್ಲಿ ಮುಗಿದ ಮೇಲೆ ಮಕ್ಕಳನ್ನು ನಿಲ್ಲಿಸಿಕೊಂಡು, ಟೀಚರುಗಳ ಎದುರಿಗೆ, ಫೋನಿಗೆ "ನಗುವ ಕಾರ್ಟೂನ್ ಬೆಕ್ಕು" ಅಂತ ಹೇಳಿದರು. ಅರ್ಧ ನಿಮಿಷವೂ ಆಗಲಿಲ್ಲ, ಚಿತ್ರ ಬಂತು. ನುಣುಪು ಮೈ, ಮಿಂಚುವ ಕಣ್ಣು, ಹಿಂದೆ ಸೂರ್ಯಾಸ್ತ ಬೇರೆ.

"ನೋಡಿ ಟೀಚರ್. ನೀವು ಒಂದು ವರ್ಷ ಹೇಳ್ಕೊಟ್ಟದ್ದನ್ನ ಇದು ಹೇಳ್ಕೊಡದೇ ಮಾಡ್ತು."

ಮಾರ್ಚಿನ ಮೀಟಿಂಗಿಗೆ ಇನ್ನು ಎರಡು ತಿಂಗಳಿತ್ತು, ಈ ಮನುಷ್ಯ ಆ ಫೋನನ್ನು ಅಲ್ಲಿಗೂ ತರುತ್ತಾರೆ ಅಂತ ಗೊತ್ತಾಗಿಹೋಯಿತು. ಫೋನು ಕೈಯಿಂದ ಕೈಗೆ ಹೋಗಿ ಎರಡನೇ ಕ್ಲಾಸಿನ ಸಾಲಿಗೆ ಬಂತು. ಒಂದು ಪುಟ್ಟ ಹುಡುಗಿ ಬೆರಳಿಟ್ಟು ಎಣಿಸತೊಡಗಿದಳು.

"ಮಿಸ್, ಇದಕ್ಕೆ ಐದು ಕಾಲೈತೆ."

ಎಲ್ಲರೂ ಎಣಿಸಿದರು. ಐದೇ ಇತ್ತು. ನನ್ನ ಮುಖದಲ್ಲಿ ಎಷ್ಟು ಸಂತೋಷ ಇತ್ತೋ ಅಷ್ಟನ್ನು ಸೀರೆ ಸೆರಗಿನಲ್ಲಿ ಒರೆಸಿಕೊಂಡೆ. ಕಾರ್ಯದರ್ಶಿಗಳು ಫೋನು ಕಸಿದುಕೊಂಡು ಹಿಗ್ಗಿಸಿ, ಕುಗ್ಗಿಸಿ, ಅಡ್ಡಡ್ಡ ಹಿಡಿದು ನೋಡಿದರು. ಐದನೆಯ ಕಾಲು ಎಲ್ಲೂ ಹೋಗಲಿಲ್ಲ. ಆಗ ಅವರ ಮರ್ಯಾದೆ ಉಳಿಸಲು ಬಂದವನು ಶಾಲೆಯ ವ್ಯಾನ್ ಡ್ರೈವರು. ಹತ್ತು ವರ್ಷದಿಂದ ಈ ದಾರಿಯಲ್ಲಿ ವ್ಯಾನ್ ಓಡಿಸಿ ಅವನ ಸೊಂಟ ಹೋಗಿದೆ.

"ಇರ್ಲಿ ಬುಡಿ ಸಾರ್," ಅಂದ. "ನಮ್ ರೋಡಿಗೆ ಒಂದು ಸ್ಟೆಪ್ನಿ ಇರ್ಬೇಕಾಯ್ತದೆ."

೫. ದಾಟುತ್ತಿರುವ ಬೆಕ್ಕು

ಫೋನಿನ ಕಥೆ ಹಾಗಾದ ಮೇಲೆ ಕಾರ್ಯದರ್ಶಿಗಳು ತಾವಾಗಿಯೇ ಒಂದು ಅವಕಾಶ ಕೊಟ್ಟರು. ರಸ್ತೆ ಕಡೆಯ ಕಾಂಪೌಂಡ್ ಗೋಡೆಯ ಮೇಲೆ ಒಂದು ದೊಡ್ಡ ಬೆಕ್ಕು ಬಿಡಿಸಿ, ಕಮಿಟಿಯವರು ಬರುವಾಗ ದೂರದಿಂದಲೇ ಕಾಣಲಿ, ಚೆನ್ನಾಗಿ ಬಂದರೆ ಡ್ರಾಯಿಂಗ್ ಉಳಿಸುವ ಮಾತು ನಾನೇ ಎತ್ತುತ್ತೇನೆ ಅಂದರು. ನನಗೆ ಅಷ್ಟು ಸಾಕಿತ್ತು.

ಆ ಗೋಡೆ ಎಲ್ಲಿದೆ ಅಂತ ಹೇಳಬೇಕು. ಸಕಲೇಶಪುರದ ಕಡೆಯಿಂದ ಏರು ಹತ್ತಿ ಬರುವ ರಸ್ತೆ ನೇರವಾಗಿ ನಮ್ಮ ಶಾಲೆಯ ಗೋಡೆಗೇ ಬಂದು, ಅಲ್ಲಿಂದ ಪಟ್ಟನೆ ಬಲಕ್ಕೆ ತಿರುಗುತ್ತದೆ. ಏರು ಹತ್ತುವ ಯಾರಿಗಾದರೂ ಎದುರಿಗೆ ಕಾಣುವುದು ಆ ಗೋಡೆ ಒಂದೇ.

ಶನಿವಾರ ನಾನು ಸೀಮೆಸುಣ್ಣದಲ್ಲಿ ಕೂತ ಬೆಕ್ಕನ್ನು ಗುರುತು ಹಾಕಿದೆ. ಆಳಿಗಿಂತ ಎತ್ತರದ ಬೆಕ್ಕು, ಮುಂದಿನ ಪಂಜ ಜೋಡಿಸಿ, ಬಾಲ ಸುತ್ತಿಕೊಂಡು ಕೂತಿತ್ತು. ಕಾರ್ಯದರ್ಶಿಗಳು ಕಾರು ನಿಲ್ಲಿಸಿ ಇಳಿದರು.

"ಯಾಕ್ರೀ ಕೂತಿದೆ?"

"ಬೆಕ್ಕು ಕೂರುತ್ತೆ ಸಾರ್."

"ಶಾಲೆ ಗೋಡೆ ಮೇಲೆ ಕೂತಿದ್ರೆ ಮಕ್ಕಳು ಏನು ಕಲೀತಾವೆ? ಸೋಮಾರಿತನ. ನಡೆಸಿ ಟೀಚರ್. ಚುರುಕಾಗಿ, ಎಡದಿಂದ ಬಲಕ್ಕೆ, ಪ್ರಗತಿ ಕಡೆಗೆ ಹೋಗ್ತಾ ಇರ್ಬೇಕು."

ಪ್ರಗತಿ ಬಲಗಡೆ ಇದೆ ಅಂತ ಅವರಿಗೆ ಯಾರು ಹೇಳಿದರೋ. ಬಲಗಡೆ ಇರುವುದು ಒಂದು ಹಾಲಿನ ಡೈರಿ. ಆದರೆ ನನಗೆ ಪೀರಿಯಡ್ ಉಳಿಯಬೇಕಿತ್ತು, ಅಳಿಸಿದೆ, ನಡೆಸಿದೆ. ಏಳನೇ ಕ್ಲಾಸಿನ ಮಕ್ಕಳು ಬಂದು ಬಣ್ಣ ತುಂಬಿದರು. ಹಸಿರು ಬೇಡ ಅಂತ ಕಟ್ಟಪ್ಪಣೆ ಆಗಿತ್ತು, ಕಪ್ಪು ತುಂಬಿದೆವು. ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಮೀಸೆ ಎಳೆದೆ. ಸಂಜೆ ಐದಕ್ಕೆ ಎರಡು ಕಣ್ಣು ಇಟ್ಟು ಕೆಳಗಿಳಿದೆ. ಹೇಳಬಾರದು, ಆದರೂ ಹೇಳುತ್ತೇನೆ, ಆ ಬೆಕ್ಕು ಬಹಳ ಚೆನ್ನಾಗಿತ್ತು. ಬಾಲ ಎತ್ತಿಕೊಂಡು, ಒಂದು ಕಾಲು ಮುಂದಿಟ್ಟು, ಬರುವವರ ಕಡೆ ಒಮ್ಮೆ ತಿರುಗಿ ನೋಡಿ ರಸ್ತೆ ದಾಟುತ್ತಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಸ್ಕೂಟರಿನಲ್ಲಿ ಏರು ಹತ್ತಿದರೆ ಮುಂದೆ ಗಾಡಿಗಳ ಸಾಲು. ಎಲ್ಲಕ್ಕಿಂತ ಮುಂದೆ ನಮ್ಮ ಶಾಲೆ ವ್ಯಾನು. ಹಿಂದೆ ಎಸ್ಟೇಟಿಗೆ ಆಳುಗಳನ್ನು ಕರೆದೊಯ್ಯುವ ಜೀಪು, ಅದರ ಹಿಂದೆ ಹಾಲಿನ ಗಾಡಿ, ಅದರ ಹಿಂದೆ ಯಸಳೂರು ಬಸ್ಸು. ಆನೆ ಬಂದಿರಬೇಕು ಅಂದುಕೊಂಡೆ. ಪಕ್ಕದಿಂದ ನುಸುಳಿ ಮುಂದೆ ಹೋದೆ. ಡ್ರೈವರು ವ್ಯಾನಿನಿಂದ ಇಳಿದು ಕೈಕಟ್ಟಿ ನಿಂತಿದ್ದ.

"ಏನಾಯ್ತು ಮಾರಾಯ?"

"ಬೆಕ್ಕು ಅಡ್ಡ ಬಂದೈತೆ ಮಿಸ್."

"ಎಲ್ಲಿ?"

ಗೋಡೆ ತೋರಿಸಿದ.

ನಮ್ಮ ಕಡೆ ಬೆಕ್ಕು ಅಡ್ಡ ಹೋದರೆ ನಿಂತುಬಿಡುತ್ತಾರೆ. ಬೇರೆ ಯಾರಾದರೂ ಮೊದಲು ದಾಟಿದ ಮೇಲೆ ಹೊರಡುತ್ತಾರೆ, ಬರುವ ಕೆಡುಕು ಮೊದಲು ದಾಟಿದವರ ಪಾಲಿಗೆ ಅಂತ ಲೆಕ್ಕ. ನನಗೆ ಇದು ಗೊತ್ತಿಲ್ಲ ಅಂತಲ್ಲ. ಆದರೆ ಪೇಂಟಿಗೂ ಇದು ಅನ್ವಯಿಸುತ್ತದೆ ಅಂತ ಗೊತ್ತಿರಲಿಲ್ಲ.

"ಅದು ನಾನು ಬಿಡಿಸಿದ ಚಿತ್ರ ಕಣೋ."

"ಯಾರು ಬಿಡ್ಸಿದ್ರೇನು ಮಿಸ್, ಅಡ್ಡ ಬಂದೈತಲ್ಲ. ನಿಜ್ವಾದ್ ಬೆಕ್ಕಾದ್ರೆ ಒಂದ್ಸಲ ದಾಟ್ಕಂಡು ಹೋಗ್ಬುಡ್ತೈತೆ. ಇದು ದಾಟ್ತಾನೇ ಐತೆ."

"ನಿನ್ನೆ ಇಡೀ ದಿನ ಎಲ್ಲಾ ಗಾಡಿ ಓಡಾಡಿದಾವಲ್ಲ ಹಾಗಾದ್ರೆ?"

"ನಿನ್ನೆ ಕಣ್ಣಿರ್ಲಿಲ್ಲ."

ಈ ರಸ್ತೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ದಾರಿ ಬಿಟ್ಟದ್ದನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ಅವತ್ತು ಬಸ್ಸಿನವನು ಜೀಪಿಗೆ "ನೀವು ಹೋಗಿ" ಅಂತ ಕೈ ತೋರಿಸಿದ. ಜೀಪಿನವನು ಹಾಲಿನ ಗಾಡಿಗೆ "ಹಾಲು ಕೆಟ್ಟೋಯ್ತದೆ, ನೀವು ಮುಂದೆ ಹೋಗಿ ಅಣ್ಣ" ಅಂದ. ಹಾಲಿನವನು "ಪರ್ವಾಗಿಲ್ಲ ಅಣ್ಣ, ಆಳುಗಳಿಗೆ ಹೊತ್ತಾಯ್ತದೆ, ನೀವೇ ಹೋಗಿ" ಅಂದ. ಇಷ್ಟು ಸಂಸ್ಕಾರವಂತ ಜನ ನಮ್ಮೂರಲ್ಲಿದ್ದಾರೆ ಅಂತ ತಿಳಿಯಲು ಒಂದು ಬೆಕ್ಕು ಬೇಕಾಯಿತು.

ಅಷ್ಟರಲ್ಲಿ ಸಾಲಿನ ಕೊನೆಯಿಂದ ಕಾರ್ಯದರ್ಶಿಗಳು ನಡೆದುಕೊಂಡು ಬಂದರು. ವಿಷಯ ಕೇಳಿ ಕೆಂಡವಾದರು. ಯಾವ ಕಾಲದಲ್ಲಿದ್ದೀರಿ, ರಾಕೆಟ್ ಬಿಡುವ ದೇಶ ಇದು, ಇದೆಲ್ಲ ಮೂಢನಂಬಿಕೆ ಅಂತ ಐದು ನಿಮಿಷ ಭಾಷಣ ಮಾಡಿದರು. ಜೀಪಿನಲ್ಲಿದ್ದ ಆಳು ಹೆಂಗಸರು ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿದರು. ಮುಗಿದ ಮೇಲೆ ಡ್ರೈವರು ವಿನಯದಿಂದ, "ಸರಿ ಸಾರ್, ಹಂಗಾರೆ ನಿಮ್ ಕಾರೇ ಮೊದ್ಲು ಹೋಗ್ಲಿ. ದಾರಿ ಬುಡ್ತೀವಿ" ಅಂದ.

ಕಾರ್ಯದರ್ಶಿಗಳು ಬೆಕ್ಕನ್ನು ನೋಡಿದರು. ಬೆಕ್ಕು ಅವರನ್ನು ನೋಡುತ್ತಲೇ ಇತ್ತು. ಅವರು ಜೇಬಿನಿಂದ ಫೋನು ತೆಗೆದು, ಅದು ರಿಂಗಾಗದಿದ್ದರೂ ಕಿವಿಗಿಟ್ಟುಕೊಂಡು, ಸ್ವಲ್ಪ ದೂರ ಹೋಗಿ ಬಂದರು. ಬಂದವರ ಮುಖದಲ್ಲಿ ಹೊಸ ಬೆಳಕಿತ್ತು.

"ಟೀಚರ್, ನೀವು ಕ್ರಿಶ್ಚಿಯನ್ಸ್ ಅಲ್ವಾ?"

"ಹೌದು ಸಾರ್."

"ನಿಮಗೆ ಇದೆಲ್ಲ ತಾಗಲ್ಲ. ನೀವು ಮೊದ್ಲು ಹೋಗ್ಬಿಡಿ."

ಸಾಲಿನವರೆಲ್ಲ ಇದು ಬಹಳ ನ್ಯಾಯವಾದ ಮಾತು ಅಂತ ತಲೆಯಾಡಿಸಿದರು. ನನಗೆ ಅವರ ಮೇಲೆ ಎಷ್ಟು ಅಸಹ್ಯ ಬಂತೆಂದರೆ ಸ್ಕೂಟರ್ ಎಬ್ಬಿಸಿ ಭರ್ರೆಂದು ಗೋಡೆಯ ಮುಂದೆ ಹಾದು ಹೋದೆ. ನನ್ನ ಹಿಂದೆಯೇ ವ್ಯಾನು, ಜೀಪು, ಹಾಲು, ಬಸ್ಸು, ಕೊನೆಗೆ ರಾಕೆಟ್ ಬಿಡುವ ದೇಶದ ಕಾರು.

ಮರುದಿನವೂ ಸಾಲು. ಅದರ ಮರುದಿನವೂ. "ಮಿಸ್ ಬಂದ್ರಾ? ಮಿಸ್ ದಾಟುದ್ರಾ?" ಅಂತ ಬಸ್ಸಿನ ಕಿಟಕಿಯಿಂದ ತಲೆಗಳು ಹೊರಗೆ ಬರುತ್ತಿದ್ದವು. ಕಾರ್ಯದರ್ಶಿಗಳು ಗೋಡೆಗೆ ಸುಣ್ಣ ಹೊಡೆಸಲು ಮಾರನಹಳ್ಳಿಯಿಂದ ಒಬ್ಬ ಪೇಂಟರನ್ನು ಕರೆಸಿದರು. ಅವನು ಬಕೆಟ್ ಇಳಿಸಿ, ಗೋಡೆ ನೋಡಿ, ಬಕೆಟ್ ಎತ್ತಿಕೊಂಡ. "ಬೆಕ್ಕು ಕೊಂದ್ರೆ ಮಹಾ ಪಾಪ ಸಾರ್. ಕಾಶಿಗೋಗಿ ಚಿನ್ನದ ಬೆಕ್ಕು ಮಾಡ್ಸಿ ದಾನ ಕೊಡ್ಬೇಕಾಯ್ತದೆ. ನೀವು ಕೊಡೋದಾದ್ರೆ ಹೇಳಿ, ಈಗ್ಲೇ ಬಳೀತೀನಿ." ಕಾರ್ಯದರ್ಶಿಗಳು ನನ್ನ ಕಡೆ ನೋಡಿದರು. ನಾನು ಬಿಡಿಸಿದ್ದನ್ನು ನಾನೇ ಅಳಿಸುವುದಿಲ್ಲ ಅಂದುಬಿಟ್ಟೆ. "ನೀವು ನಡೆಸಿ ಅಂದ್ರಿ, ನಡೆಸಿದ್ದೀನಿ. ಕೂತಿದ್ರೆ ಯಾರಿಗೂ ಅಡ್ಡ ಬರ್ತಿರ್ಲಿಲ್ಲ."

ಮಾರ್ಚಿನ ಮೀಟಿಂಗ್ ಬಂತು. ಆಫೀಸು ರೂಮಿನ ಮೂರು ಗೋಡೆಗೂ ಮಕ್ಕಳ ಬೆಕ್ಕುಗಳನ್ನು ಅಂಟಿಸಿದ್ದೆ. ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಒಂದು ಮಗುವನ್ನೂ ಬಿಟ್ಟಿರಲಿಲ್ಲ. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಒಂದು ಗಂಟೆ ಕೂತೆ. ಕೊನೆಗೆ ಒಳಗೆ ಕರೆದರು.

"ಟೀಚರ್, ಅಬಾಕಸ್ ಬೇಡ ಅಂತ ತೀರ್ಮಾನ ಆಗಿದೆ," ಅಂದರು ಕಾರ್ಯದರ್ಶಿಗಳು. "ಡ್ರಾಯಿಂಗ್ ಮುಂದುವರಿಯುತ್ತೆ."

ಸುತ್ತ ಗೋಡೆಗಳ ಮೇಲಿದ್ದ ಬೆಕ್ಕುಗಳನ್ನು ನೋಡಿದೆ. ಮಕ್ಕಳಿಗೆ ಇದನ್ನು ಹೇಗೆ ಹೇಳಲಿ ಅಂತ ಆಗಲೇ ಮನಸ್ಸಿನಲ್ಲಿ ಓಡುತ್ತಿತ್ತು. "ಮಕ್ಕಳ ಚಿತ್ರ ಕಮಿಟಿಯವರಿಗೆ ಇಷ್ಟ ಆಯ್ತಾ ಸಾರ್?"

"ಯಾವ ಚಿತ್ರ?" ಅಂದರು ಕಮಿಟಿಯ ಅಧ್ಯಕ್ಷರು. ಅವರ ಕುರ್ಚಿಯ ಬೆನ್ನಿಗೆ ಹತ್ತಿಕೊಂಡೇ ಹನ್ನೆರಡು ಬೆಕ್ಕುಗಳಿದ್ದವು.

ಕಾರ್ಯದರ್ಶಿಗಳು ಮಧ್ಯೆ ಬಂದರು. "ಅದಲ್ಲ ಟೀಚರ್. ನೀವು ಹೋದ್ರೆ ಬೆಳಿಗ್ಗೆ ಮೊದ್ಲು ದಾಟೋರು ಯಾರು? ಸ್ಕೂಲ್ ಶುರುವಾಗ್ಬೇಕಲ್ಲ. ಹಾಗಾಗಿ ನೀವು ಖಾಯಂ. ಒಂದೇ ಕಂಡೀಷನ್, ಎಂಟಕ್ಕೆ ಸರಿಯಾಗಿ ಬರ್ಬೇಕು. ರಜೆ ಬೇಕಾದ್ರೆ ಹಿಂದಿನ ದಿನಾನೇ ತಿಳಿಸಿ, ನಿಮ್ಮ ಚರ್ಚಿಂದ ಒಬ್ಬರನ್ನ ಬದಲಿ ಕಳಿಸಿ."

ನನಗೆ ಅಳು ಬಂತು, ನಗು ಬಂತು, ಎಲ್ಲರ ಮುಖದ ಮೇಲೂ ಒಂದೊಂದು ಜೊತೆ ಮೀಸೆ ಎಳೆಯುವಷ್ಟು ಸಿಟ್ಟು ಬಂತು. ಆದರೂ ಪೀರಿಯಡ್ ಉಳಿದಿತ್ತು. ಆಗಲಿ ಸಾರ್ ಅಂತ ಹೇಳಿ ಬಂದೆ.

ಮಾರನೇ ಬೆಳಿಗ್ಗೆ ಏರಿನಲ್ಲಿ ಎಂದಿನ ಹಾಗೆ ಸಾಲು ನಿಂತಿತ್ತು. ವ್ಯಾನಿನ ಪಕ್ಕ ಬಂದಾಗ ಸ್ಕೂಟರ್ ಆಫ್ ಆಯಿತು. ಮತ್ತೆ ಕಿಕ್ ಹೊಡೆದು ಹೊರಡುವ ಮುಂಚೆ ನನ್ನ ಬಲಗೈ ತಾನಾಗಿಯೇ ಹಣೆಗೆ, ಎದೆಗೆ, ಎರಡು ಭುಜಕ್ಕೆ ಹೋಗಿ ಶಿಲುಬೆ ಗುರುತು ಹಾಕಿತು. ಚಿಕ್ಕಂದಿನಿಂದ ಗಾಡಿ ಹತ್ತುವಾಗ ಮಾಡುವ ಅಭ್ಯಾಸ ಅದು, ಬೆಕ್ಕಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಇರಲಿಲ್ಲ ಅಂತಲೇ ನಾನು ಇವತ್ತಿಗೂ ಹೇಳುವುದು. ಗೋಡೆ ದಾಟಿ ಗೇಟಿನ ಹತ್ತಿರ ಹೋಗಿ ತಿರುಗಿ ನೋಡಿದರೆ ಒಂದು ಗಾಡಿಯೂ ಹಿಂದೆ ಬಂದಿರಲಿಲ್ಲ.

ಡ್ರೈವರು ಜೀಪಿನವನಿಗೆ ಹೇಳುತ್ತಿದ್ದದ್ದು ಅಲ್ಲಿಗೇ ಕೇಳಿಸಿತು. "ಮಿಸ್ಸೇ ಶಿಲುಬೆ ಹಾಕ್ಕಂಡು ಹೋದ್ರು ಕಣೋ. ಅವ್ರಿಗೂ ತಾಗ್ತೈತೆ ಅಂತಾಯ್ತು. ಇನ್ ನಮ್ ಗತಿ ಏನು?"

ನನ್ನ ಫೋನು ರಿಂಗಾಯಿತು. ಸಾಲಿನ ಕೊನೆಯ ಕಾರಿನಿಂದ ಕಾರ್ಯದರ್ಶಿಗಳು.

"ಟೀಚರ್, ಅದು ಲೆಕ್ಕಕ್ಕೆ ಬರಲ್ವಂತೆ. ದಯವಿಟ್ಟು ಇನ್ನೊಂದ್ಸಲ ಬಂದು ದಾಟಿ. ಈ ಸಲ ಎರಡೂ ಕೈ ಹ್ಯಾಂಡಲ್ ಮೇಲೇ ಇರ್ಲಿ, ಎಲ್ಲರಿಗೂ ಕಾಣೋ ಹಾಗೆ."

ಮೊದಲನೇ ಪೀರಿಯಡ್ಡೇ ಡ್ರಾಯಿಂಗ್ ಇತ್ತು, ಮಕ್ಕಳೆಲ್ಲ ಆ ವ್ಯಾನಿನಲ್ಲಿದ್ದರು. ಸ್ಕೂಟರ್ ತಿರುಗಿಸಿಕೊಂಡು ಕೆಳಗೆ ಹೋದೆ.